'ಬ್ಯಾಂಕ್ ಉಳಿಸಿದ್ದು ನಾವೇ' ಎಂಬ ಭಾಷಣವನ್ನು ಪರೀಕ್ಷಿಸುವುದು ಹೇಗೆ?

ಚುನಾವಣೆ ಬಂತೆಂದರೆ ಶಿರಸಿ ಪೇಟೆಯಿಂದ ಕಾರವಾರದ ಮೀನು ಮಾರುಕಟ್ಟೆವರೆಗೆ ಇದೇ ಮಾತು. 'ಬ್ಯಾಂಕ್ ಉಳಿಸಿದ್ದು ನಾವು' ಎಂದು ಒಂದು ಪಕ್ಷ, 'ಮುಳುಗಿಸಿದ್ದೂ ನೀವೇ' ಎಂದು ಇನ್ನೊಂದು. ಕೇಳುವವರು ಇಬ್ಬರನ್ನೂ ನಂಬುವುದಿಲ್ಲ. ಅದರಲ್ಲಿ ತಪ್ಪೇನಿಲ್ಲ ಬಿಡಿ. ಆದರೆ 'ಎಲ್ಲರೂ ಕಳ್ಳರೇ' ಎಂದು ಚಾ ಕುಡಿದು ಎದ್ದು ಹೋದರೆ ರಾಜಕಾರಣಿಗಳಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ. ಅನುಮಾನ ಇದ್ದರೆ ಕಾಗದ ಹಿಡಿದು ಕೇಳಬೇಕು. ಹೇಗೆ ಅಂತ ನೋಡೋಣ.

ಮೊದಲ ಕೆಲಸ, ದುಡ್ಡು ಯಾರ ಜೇಬಿನಿಂದ ಹೋಯಿತು ಎಂದು ಹುಡುಕುವುದು. ಖಾಸಗಿ ಬ್ಯಾಂಕ್ ಆದ ಯೆಸ್ ಬ್ಯಾಂಕ್ ತೆಗೆದುಕೊಳ್ಳಿ. 2020ರ ಮಾರ್ಚ್ 5ರಂದು ಅದರ ಮೇಲೆ ನಿರ್ಬಂಧ ಬಿತ್ತು, ಖಾತೆಯಿಂದ 50,000 ರೂ.ಗಿಂತ ಜಾಸ್ತಿ ತೆಗೆಯುವಂತಿರಲಿಲ್ಲ. ಎರಡು ವಾರದೊಳಗೆ ನಿರ್ಬಂಧ ತೆಗೆದರು. ಆಗ ದುಡ್ಡು ಹಾಕಿದ್ದು ಸರ್ಕಾರದ ಖಜಾನೆಯಲ್ಲ, ಸ್ಟೇಟ್ ಬ್ಯಾಂಕ್. ಮೊದಲ ಕಂತಿನಲ್ಲೇ 6,050 ಕೋಟಿ ರೂ. ಜೊತೆಗೆ ಕೆಲವು ಖಾಸಗಿ ಬ್ಯಾಂಕ್‌ಗಳೂ ಸೇರಿಕೊಂಡವು. ಸ್ಟೇಟ್ ಬ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸರ್ಕಾರದ್ದು. ಹಾಗಾಗಿ 'ಖಜಾನೆಯಿಂದ ಒಂದು ಪೈಸೆ ಹೋಗಿಲ್ಲ' ಎನ್ನುವವರೂ ಸರಿ, 'ಜನರ ದುಡ್ಡೇ ಹೋಗಿದ್ದು' ಎನ್ನುವವರೂ ಸರಿ. ಭಾಷಣದಲ್ಲಿ ಅರ್ಧ ಮಾತ್ರ ಕೇಳಿಸುತ್ತದೆ, ಅಷ್ಟೇ.

ಕಳೆದುಕೊಂಡವರು ಯಾರು ಎಂದೂ ಕೇಳಿ. ಯೆಸ್ ಬ್ಯಾಂಕಿನಲ್ಲಿ ಠೇವಣಿ ಇಟ್ಟವರು ಪಾರಾದರು. ಆದರೆ ಅದೇ ಬ್ಯಾಂಕಿನ ಒಂದು ಬಗೆಯ ಬಾಂಡ್ (ಸಾಲಪತ್ರ) ಕೊಂಡವರ 8,400 ಕೋಟಿ ರೂ.ಗೂ ಹೆಚ್ಚು ಹಣವನ್ನು ಸೊನ್ನೆ ಮಾಡಿ ಮುಗಿಸಿದರು. ಅದು ಕೋರ್ಟಿಗೂ ಹೋಯಿತು. 'ಎಲ್ಲರನ್ನೂ ಉಳಿಸಿದೆವು' ಎಂದು ಯಾರಾದರೂ ಅಂದರೆ ಇದನ್ನು ನೆನಪಿಸಿ.

ಸರ್ಕಾರಿ ಬ್ಯಾಂಕ್‌ಗಳ ಕಥೆ ಬೇರೆ. 2017ರ ಅಕ್ಟೋಬರ್‌ನಲ್ಲಿ ಕೇಂದ್ರ 2.11 ಲಕ್ಷ ಕೋಟಿ ರೂ. ಬಂಡವಾಳ ತುಂಬುವ ಯೋಜನೆ ಘೋಷಿಸಿತು. ಅದರಲ್ಲಿ 1.35 ಲಕ್ಷ ಕೋಟಿ ಬಾಂಡ್ ರೂಪದಲ್ಲಿ. ಸರ್ಕಾರ ಬಾಂಡ್ ಹೊರಡಿಸುತ್ತದೆ, ಬ್ಯಾಂಕ್ ಅದನ್ನು ಕೊಳ್ಳುತ್ತದೆ, ಆ ಹಣವನ್ನೇ ಸರ್ಕಾರ ಬಂಡವಾಳ ಎಂದು ಬ್ಯಾಂಕಿಗೆ ವಾಪಸ್ ಹಾಕುತ್ತದೆ. ಕೈಯಿಂದ ದುಡ್ಡು ಹೋದ ಹಾಗೆ ಕಾಣುವುದೇ ಇಲ್ಲ. ಆದರೆ ಬಡ್ಡಿ ಮಾತ್ರ ವರ್ಷ ವರ್ಷ ಬಜೆಟ್‌ನಿಂದ, ಅಂದರೆ ನಮ್ಮ ತೆರಿಗೆಯಿಂದ. ಎರಡು ಪಕ್ಷಗಳೂ ಈ ಬಡ್ಡಿಯ ಬಗ್ಗೆ ವೇದಿಕೆಯಲ್ಲಿ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ.

ಇನ್ನು ಎಲ್ಲಿ ಹುಡುಕುವುದು? ವಾಟ್ಸಾಪ್‌ನಲ್ಲಲ್ಲ. ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ಪತ್ರಿಕಾ ಪ್ರಕಟಣೆಗಳು ದಿನಾಂಕದ ಸಮೇತ ಇರುತ್ತವೆ. ಸಂಸತ್ತಿನ ವೆಬ್‌ಸೈಟಿನಲ್ಲಿ ಸಂಸದರ ಹೆಸರು ಹಾಕಿದರೆ ಅವರು ಕೇಳಿದ ಪ್ರಶ್ನೆಗಳೂ ಸಚಿವರು ಕೊಟ್ಟ ಉತ್ತರಗಳೂ ಸಿಗುತ್ತವೆ. ನಿಮ್ಮ ಸಂಸದರು ಬ್ಯಾಂಕ್ ಬಗ್ಗೆ ಏನಾದರೂ ಕೇಳಿದ್ದಾರಾ, ಸುಮ್ನೆ ಒಮ್ಮೆ ನೋಡಿ. ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ. ಕೇಂದ್ರದ ಕಚೇರಿಗಳಿಗೆ, ಸರ್ಕಾರಿ ಬ್ಯಾಂಕ್‌ಗಳಿಗೆ ಶುಲ್ಕ 10 ರೂ., ಉತ್ತರಕ್ಕೆ 30 ದಿನ. ಒಬ್ಬ ಸಾಲಗಾರನ ಖಾತೆ ವಿವರ ಕೇಳಿದರೆ 'ಗೌಪ್ಯ' ಎಂದು ಅರ್ಜಿ ವಾಪಸ್ ಬರುವುದೇ ಹೆಚ್ಚು. ಒಟ್ಟು ಎಷ್ಟು ಸಾಲವನ್ನು ಲೆಕ್ಕದಿಂದ ತೆಗೆದಿರಿ, ಅದರಲ್ಲಿ ಎಷ್ಟು ವಸೂಲಾಯಿತು, ವರ್ಷವಾರು ಕೊಡಿ ಎಂದು ಕೇಳಿ. ಸಾಲ ಲೆಕ್ಕದಿಂದ ತೆಗೆಯುವುದು ಬೇರೆ, ಮನ್ನಾ ಮಾಡುವುದು ಬೇರೆ: ಲೆಕ್ಕದಿಂದ ತೆಗೆದರೂ ಸಾಲಗಾರ ಕಟ್ಟಲೇಬೇಕು, ಮನ್ನಾ ಆದರೆ ಕಟ್ಟಬೇಕಿಲ್ಲ. ಇವೆರಡನ್ನೂ ಬೇಕೆಂದೇ ಕಲಸಿ ಹೇಳುವ ಭಾಷಣಗಳು ಬೇಕಾದಷ್ಟಿವೆ.

ಈಗ ನಮ್ಮೂರಿಗೆ ಬನ್ನಿ. ದೆಹಲಿಯ ವಿಷಯದಲ್ಲಿ ಮೋಸ ಹೋದರೆ ಬೇಜಾರಾಗುತ್ತದೆ, ಊರಿನ ಸೊಸೈಟಿಯಲ್ಲಾದರೆ ಮಗಳ ಮದುವೆ ನಿಲ್ಲುತ್ತದೆ. ಘಟ್ಟದ ಮೇಲೆ ಅಡಿಕೆ ದುಡ್ಡು, ಕೆಳಗೆ ಮೀನಿನ ದುಡ್ಡು, ಕಾರವಾರ ಅಂಕೋಲಾ ಕಡೆ ಸೀಬರ್ಡ್ ನೌಕಾನೆಲೆಗೆ ಜಮೀನು ಬಿಟ್ಟುಕೊಟ್ಟವರ ಪರಿಹಾರದ ದುಡ್ಡು. ಹೆಚ್ಚು ಬಡ್ಡಿ ಕಂಡಲ್ಲಿಗೆ ಇವೆಲ್ಲ ಹೋಗಿ ಕೂರುತ್ತವೆ. ಆಡಳಿತ ಮಂಡಳಿಯಲ್ಲಿ ಇರುವವರು ಯಾರು? ಪಂಚಾಯಿತಿ ಚುನಾವಣೆಗೆ ಓಡಾಡುವ ಮುಖಗಳೇ, ಅಲ್ವಾ?

ಸೆಪ್ಟೆಂಬರ್ ಸುಮಾರಿಗೆ ವಾರ್ಷಿಕ ಮಹಾಸಭೆ ನಡೆಯುತ್ತದೆ. ಅಂದು ಕೊಡುವ ವರದಿ ಪುಸ್ತಕವನ್ನು ಊಟದ ಎಲೆ ಹತ್ತಿರವೇ ಬಿಟ್ಟು ಬರಬೇಡಿ. ಅಧ್ಯಕ್ಷರ ಫೋಟೊ ಇರುವ ಪುಟ ದಾಟಿ ಅಢಾವೆ ಪತ್ರಿಕೆಗೆ (ಬ್ಯಾಲೆನ್ಸ್ ಶೀಟ್) ಹೋಗಿ. ಹೋದ ವರ್ಷ, ಈ ವರ್ಷ ಎಂದು ಅಂಕಿಗಳು ಇರುತ್ತವೆ. 'ಸುಸ್ತಿ ಸಾಲ', ಅಂದರೆ ಗಡುವು ಮೀರಿದರೂ ಕಟ್ಟದ ಸಾಲ ಕಡಿಮೆಯಾಗಿದ್ದು, 'ಬರತಕ್ಕ ಬಡ್ಡಿ', ಅಂದರೆ ಇನ್ನೂ ಕೈಗೆ ಬಾರದ ಬಡ್ಡಿ ಮಾತ್ರ ಜಿಗಿದಿದ್ದರೆ ಅಲ್ಲಿ ಬೆರಳಿಡಿ. ಮಾರ್ಚ್ ಕೊನೆಯ ವಾರದಲ್ಲಿ ಹೊಸ ಸಾಲ ಕೊಟ್ಟು ಅದರಿಂದಲೇ ಹಳೇ ಸಾಲ ತೀರಿಸಿದ ಹಾಗೆ ತೋರಿಸುವುದು ಹಳೇ ಆಟ. ಹೀಗೆ ಆಗಿದೆಯೇ ಎಂದು ಮೈಕ್ ಹಿಡಿದು ಕೇಳಿ. ನಿರ್ದೇಶಕರಿಗೂ ಅವರ ಸಂಬಂಧಿಕರಿಗೂ ಕೊಟ್ಟ ಸಾಲ ಎಷ್ಟು ಎಂದೂ ಕೇಳಿ. ಉತ್ತರ ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಕೂರಬೇಡಿ.

ಕೊನೆಯದು ನಿಮ್ಮ ಸ್ವಂತ ದುಡ್ಡು. ಠೇವಣಿ ವಿಮೆ ಇರುವುದು ಬ್ಯಾಂಕ್‌ಗಳಿಗೆ. ವಾಣಿಜ್ಯ ಬ್ಯಾಂಕ್, ಗ್ರಾಮೀಣ ಬ್ಯಾಂಕ್, ಪಟ್ಟಣ ಸಹಕಾರಿ ಬ್ಯಾಂಕ್, ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕ್ ಇದರಲ್ಲಿ ಬರುತ್ತವೆ. ಊರಿನ ಪ್ರಾಥಮಿಕ ಸಹಕಾರಿ ಸಂಘ, ಸೌಹಾರ್ದ ಪತ್ತಿನ ಸಹಕಾರಿ ಬರುವುದಿಲ್ಲ. ಬೋರ್ಡು ಎಷ್ಟೇ ದೊಡ್ಡದಿರಲಿ. ಠೇವಣಿ ವಿಮೆ ನಿಗಮದ (ಡಿಐಸಿಜಿಸಿ) ವೆಬ್‌ಸೈಟಿನಲ್ಲಿ ಬ್ಯಾಂಕ್‌ಗಳ ಪಟ್ಟಿ ಇದೆ, ಹೆಸರು ಸಿಗದಿದ್ದರೆ ವಿಮೆ ಇಲ್ಲ ಎಂದೇ ಲೆಕ್ಕ.

ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂ.ವರೆಗೆ, ಬಡ್ಡಿಯೂ ಸೇರಿ. ಕುಮಟಾ ಶಾಖೆಯಲ್ಲಿ 4 ಲಕ್ಷ, ಹೊನ್ನಾವರ ಶಾಖೆಯಲ್ಲಿ 4 ಲಕ್ಷ ಇಟ್ಟರೂ ಸಿಗುವುದು 5 ಲಕ್ಷವೇ. ಗಂಡ ಹೆಂಡತಿಯ ಜಂಟಿ ಖಾತೆಗೆ ಮಾತ್ರ ಬೇರೆ ಲೆಕ್ಕ. 1993ರಿಂದ 1 ಲಕ್ಷಕ್ಕೇ ನಿಂತಿದ್ದ ಮಿತಿಯನ್ನು 2020ರ ಫೆಬ್ರುವರಿಯಲ್ಲಿ ಏರಿಸಿದರು, ನಿರ್ಬಂಧ ಬಿದ್ದ ಮುಂಬೈಯ ಪಿಎಂಸಿ ಸಹಕಾರಿ ಬ್ಯಾಂಕಿನ ಗ್ರಾಹಕರು ತಿಂಗಳುಗಟ್ಟಲೆ ಬೀದಿಯಲ್ಲಿ ನಿಂತ ಮೇಲೆ. ಈ 5 ಲಕ್ಷವನ್ನು 'ನಮ್ಮ ಸರ್ಕಾರ ಕೊಟ್ಟಿದ್ದು' ಎಂದು ಯಾರಾದರೂ ಅಂದರೆ, ಅದು ಬ್ಯಾಂಕ್‌ಗಳು ಕಟ್ಟುವ ವಿಮಾ ಕಂತಿನ ಹಣ ಎಂದು ಹೇಳಿ.

ನಿಮ್ಮ ಬ್ಯಾಂಕಿನ ಮೇಲೆ ಎಲ್ಲ ವ್ಯವಹಾರಕ್ಕೂ ನಿರ್ಬಂಧ ಬಿದ್ದರೆ, 2021ರ ತಿದ್ದುಪಡಿ ಪ್ರಕಾರ ವಿಮೆ ಹಣ 90 ದಿನದಲ್ಲಿ ಬರಬೇಕು. ಮೊದಲ 45 ದಿನದೊಳಗೆ ಬ್ಯಾಂಕ್ ಠೇವಣಿದಾರರ ಪಟ್ಟಿ ಕಳಿಸುತ್ತದೆ. ಅಷ್ಟರೊಳಗೆ ಒಪ್ಪಿಗೆ ಪತ್ರ, ಗುರುತಿನ ದಾಖಲೆ, ಬೇರೆ ಬ್ಯಾಂಕಿನ ಖಾತೆ ಸಂಖ್ಯೆ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ. ಇದಕ್ಕೆ ಯಾವ ನಾಯಕರ ಶಿಫಾರಸು ಪತ್ರವೂ ಬೇಕಿಲ್ಲ, 'ಬೇಗ ಮಾಡಿಸಿಕೊಡುತ್ತೇನೆ' ಎಂದು ಬರುವ ಹುಡುಗನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.