ಸ್ಕೂಲ್ ಹಾಲ್‌ನಲ್ಲಿ ಚರ್ಚಾ? ಮೈಸೂರು, ಮಂಡ್ಯದಿಂದ ಇಂಗ್ಲೆಂಡಿಗೆ ಹೊರಟವರಿಗೆ

ನಾನು ರಜೆಗೆ ಮೈಸೂರಿಗೆ ಬಂದರೆ ಸಾಕು, ಮಕ್ಕಳನ್ನು ಇಂಗ್ಲೆಂಡಿಗೆ ಓದಲು ಕಳಿಸುವವರು ಯಾರಾದರೂ ಮನೆಗೆ ಬರುತ್ತಾರೆ. ಮಂಡ್ಯದ ನೆಂಟರಂತೂ ಫೋನಿನಲ್ಲೇ ಶುರು ಮಾಡುತ್ತಾರೆ. ಚಳಿ, ರೂಮಿನ ಬಾಡಿಗೆ, ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಎಲ್ಲ ಮುಗಿದ ಮೇಲೆ ಈ ಪ್ರಶ್ನೆ: "ಹತ್ತಿರದಲ್ಲೇ ಒಂದು ಚರ್ಚಿದೆಯಂತೆ, ಆದ್ರೆ ಸ್ಕೂಲ್ ಹಾಲಲ್ಲಿ ಸೇರ್ತಾರಂತೆ. ಅದೂ ಚರ್ಚೇನಾ?"

ಚರ್ಚೇ. ಸಂತ ಫಿಲೋಮಿನಾ ಚರ್ಚಿನ 175 ಅಡಿ ಎತ್ತರದ ಜೋಡಿ ಗೋಪುರ ನೋಡಿಕೊಂಡು ಬೆಳೆದವರಿಗೆ ಅನುಮಾನ ಬರೋದು ಸಹಜ. ಆದರೆ ಬೈಬಲಿನಲ್ಲಿ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ತೆಗೆದು ನೋಡಿ. ಪ್ರಿಸ್ಕ, ಅಕ್ವಿಲ ದಂಪತಿಯ ಮನೆಯಲ್ಲಿ ಕೂಡುವ ಸಭೆಗೆ (ಚರ್ಚ್ ಅಂದರೆ ಕಟ್ಟಡವಲ್ಲ, ಸೇರುವ ಜನ) ವಂದನೆ ಹೇಳಿದ್ದಾನೆ. ಬೈಬಲಿನದೇ 'ಅಪೊಸ್ತಲರ ಕೃತ್ಯಗಳು' ಪುಸ್ತಕದ 20ನೇ ಅಧ್ಯಾಯದಲ್ಲಿ ಸಭೆ ಸೇರಿದ್ದು ಒಂದು ಮೇಲಂತಸ್ತಿನ ಕೋಣೆಯಲ್ಲಿ. ಪೌಲನ ಮಾತು ಮಧ್ಯರಾತ್ರಿವರೆಗೂ ಎಳೆದು, ಕಿಟಕಿಯಲ್ಲಿ ಕೂತಿದ್ದ ಯೂತಿಕ ಅನ್ನೋ ಹುಡುಗ ತೂಕಡಿಸಿ ಕೆಳಗೇ ಬಿದ್ದ. (ಉದ್ದುದ್ದ ಪ್ರಸಂಗ ಮಾಡುವವರು ಈ ಭಾಗವನ್ನು ಯಾಕೋ ಜಾಸ್ತಿ ಓದುವುದಿಲ್ಲ.) ಚಿಕ್ಕ ಸಭೆಗೆ ಸ್ವಂತ ಕಟ್ಟಡ ಕೊಳ್ಳುವಷ್ಟು ದುಡ್ಡು ಇರುವುದಿಲ್ಲ. ಶಾಲೆಗೆ ಭಾನುವಾರ ರಜೆ, ಹಾಲ್ ಬಾಡಿಗೆಗೆ ಸಿಗುತ್ತದೆ. ಅಷ್ಟೇ ವಿಷಯ.

ಹೊರಡುವ ಮುಂಚೆ ನಿಮ್ಮ ಸಭಾಪಾಲಕರಿಂದ (ಪಾಸ್ಟರ್) ನೀವು ಅವರ ಸಭೆಯವರು ಅಂತ ಒಂದು ಪತ್ರ ಬರೆಸಿಕೊಳ್ಳಿ. ದೀಕ್ಷಾಸ್ನಾನದ ಸರ್ಟಿಫಿಕೇಟಿನ ಫೋಟೋ ಫೋನಿನಲ್ಲಿರಲಿ. ಸ್ಕೂಲ್ ಹಾಲ್‌ನ ಸಭೆಯವರು ಇದನ್ನೆಲ್ಲ ಕೇಳದೇ ಇರಬಹುದು, ಆದರೆ ಮುಂದೆ ಮದುವೆಗೋ ಬೇರೆ ಸಭೆ ಸೇರುವುದಕ್ಕೋ ಬೇಕಾಗುತ್ತದೆ. ಸಿಎಸ್‌ಐನವರು (ಚರ್ಚ್ ಆಫ್ ಸೌತ್ ಇಂಡಿಯಾ) ಇನ್ನೊಂದು ನೆನಪಿಡಿ: ನಮ್ಮ ಸಭೆ 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದವರು ಒಂದಾಗಿ ಆದದ್ದು. ಹಾಗಾಗಿ ಅಲ್ಲಿನ ಚರ್ಚ್ ಆಫ್ ಇಂಗ್ಲೆಂಡಿಗೆ ಹೋದರೂ, ಮೆಥಡಿಸ್ಟ್ ಚರ್ಚಿಗೆ ಹೋದರೂ ಪರಕೀಯ ಅನ್ನಿಸುವುದಿಲ್ಲ. ಕ್ಯಾಥೊಲಿಕರು ಮೊದಲು ಪೂಜೆ (ಮಾಸ್) ಎಲ್ಲಿದೆ ಅಂತ ಹುಡುಕಿಕೊಳ್ಳಿ. ಸ್ಕೂಲ್ ಹಾಲ್‌ನ ಪ್ರಾರ್ಥನೆಗೆ ಹೋದರೆ ಪೂಜೆಗೆ ಹೋದ ಹಾಗಾಗುವುದಿಲ್ಲ.

ಮೊದಲ ಭಾನುವಾರ ಹತ್ತು ನಿಮಿಷ ಮುಂಚೆ ಹೋಗಿ. ಭಾನುವಾರ ಬಸ್ಸು ಕಮ್ಮಿ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಮಾರ್ಚ್ ಕೊನೆಯ ಭಾನುವಾರ ಮುಂದಕ್ಕೆ. ಫೋನು ತಾನೇ ಬದಲಾಯಿಸಿಕೊಳ್ಳುತ್ತದೆ, ಊರಿಂದ ಕಟ್ಟಿಕೊಂಡು ಹೋದ ವಾಚು ಬದಲಾಯಿಸಿಕೊಳ್ಳುವುದಿಲ್ಲ. ಗೋಪುರ ಹುಡುಕಬೇಡಿ, ಗೇಟಿನ ಹತ್ತಿರ ನಿಲ್ಲಿಸಿರುವ ಬೋರ್ಡು ನೋಡಿ. ಚಪ್ಪಲಿ, ಶೂ ಹೊರಗೆ ಬಿಡಬೇಡಿ. ರೇಷ್ಮೆ ಸೀರೆ ಬೇಕಿಲ್ಲ, ಸ್ವೆಟರ್ ಬೇಕು.

ಒಳಗೆ ನೆಲದ ಮೇಲೆ ಬ್ಯಾಡ್ಮಿಂಟನ್ ಕೋರ್ಟಿನ ಗೆರೆ, ಗೋಡೆಗೆ ಮಕ್ಕಳು ಬರೆದ ಡೈನೋಸಾರ್ ಚಿತ್ರ, ಅದರ ಪಕ್ಕದಲ್ಲೇ ಹಾಡು ತೋರಿಸುವ ಸ್ಕ್ರೀನು. ಗಿಟಾರ್ ಇರುತ್ತದೆ. ಯಾವಾಗ ಏಳಬೇಕು, ಯಾವಾಗ ಕೂರಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ, ಪಕ್ಕದವರನ್ನು ನೋಡಿ ಮಾಡಿ. ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಿ ರಸ ಹಂಚಿಕೊಳ್ಳುವುದು) ಎಷ್ಟೋ ಕಡೆ ಪುಟ್ಟ ಲೋಟದಲ್ಲಿ ದ್ರಾಕ್ಷಿ ರಸ ಕೊಡುತ್ತಾರೆ. ಯಾರು ತೆಗೆದುಕೊಳ್ಳಬಹುದು ಅಂತ ಮೊದಲೇ ಹೇಳುತ್ತಾರೆ. ಬೇಡ ಅನ್ನಿಸಿದರೆ ಸುಮ್ನೆ ಕೂತಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಕ್ರೈಸ್ತರಲ್ಲದ ಗೆಳೆಯರು ಜೊತೆಗೆ ಬಂದರೂ ಇದೇ ಮಾತು.

ಕಾಣಿಕೆ ಮೊದಲ ದಿನವೇ ಹಾಕಬೇಕಾಗಿಲ್ಲ. ಹಾಕುವುದಾದರೆ ಲಕೋಟೆಯ ಮೇಲಿರುವ 'ಗಿಫ್ಟ್ ಏಡ್' ಜಾಗಕ್ಕೆ ಸುಮ್ಮನೆ ಟಿಕ್ ಮಾಡಬೇಡಿ. ನೀವು ಅಲ್ಲಿ ತೆರಿಗೆ ಕಟ್ಟುತ್ತಿದ್ದರೆ ಮಾತ್ರ ಒಂದು ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ ಸಭೆಗೆ ಸಿಗುವ ವ್ಯವಸ್ಥೆ ಅದು. ಸಂಬಳವಿಲ್ಲದ ವಿದ್ಯಾರ್ಥಿಗಳಿಗೆ ಅಲ್ಲ.

ಪ್ರಾರ್ಥನೆ ಮುಗಿದ ಕೂಡಲೇ ಬಾಗಿಲ ಕಡೆ ಓಡಬೇಡಿ. ನಮ್ಮವರು ಮಾಡೋದೇ ಇದು, ಸಂಕೋಚ. ಪರಿಚಯ ಆಗೋದೇ ಆಮೇಲಿನ ಟೀ ಹೊತ್ತಿಗೆ. ಟೀ ನಮ್ಮ ಬಾಯಿಗೆ ಸಪ್ಪೆ, ಸಹಿಸಿಕೊಳ್ಳಿ. ಅಲ್ಲೂ ಮಾತು ಹೊರಡದಿದ್ದರೆ ಕುರ್ಚಿ ಎತ್ತಿಡಿ. ಹಾಲನ್ನು ಹೊತ್ತಿಗೆ ಸರಿಯಾಗಿ ಖಾಲಿ ಮಾಡಿ ಕೊಡಬೇಕು, ಕೈ ಜೋಡಿಸುವವರು ಯಾವಾಗಲೂ ಕಮ್ಮಿ. ಇನ್ನೊಬ್ಬರ ಜೊತೆ ನಾಲ್ಕು ಕುರ್ಚಿ ಪೇರಿಸುವಷ್ಟರಲ್ಲಿ ಊರು, ಕೋರ್ಸು, ಮನೆಯವರು ಎಲ್ಲ ಮಾತಾಗಿರುತ್ತದೆ. ನನಗೆ ಅಲ್ಲಿ ಸ್ನೇಹಿತರಾದವರಲ್ಲಿ ಬಹಳ ಮಂದಿ ಹೀಗೇ ಸಿಕ್ಕಿದ್ದು.

ಕೆಲವು ಭಾನುವಾರ ಎಲ್ಲರೂ ಮನೆಯಿಂದ ಒಂದೊಂದು ತಿಂಡಿ ತಂದು ಹಂಚಿಕೊಂಡು ಊಟ ಮಾಡುತ್ತಾರೆ. ಪುಳಿಯೋಗರೆ ಒಯ್ಯಿರಿ, ಖುಷಿಯಾಗಿ ತಿನ್ನುತ್ತಾರೆ. ಆದರೆ ಕಡಲೇಕಾಯಿ ಬೀಜ ಹಾಕಬೇಡಿ. ಎಷ್ಟೋ ಮಕ್ಕಳಿಗೆ ಅದರ ಅಲರ್ಜಿ, ಬಹಳ ಶಾಲೆಗಳು ಒಳಗೇ ಬಿಡುವುದಿಲ್ಲ. ಬೀಜವಿಲ್ಲದ ಪುಳಿಯೋಗರೆ ಅದೇನು ಪುಳಿಯೋಗರೆ ಅನ್ನಬೇಡಿ, ಅಲ್ಲಿ ಹಾಗೇ.

ಎಲ್ಲ ಸಭೆಯೂ ಒಳ್ಳೆಯದೇ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತೇವೆ ಅಂದರೆ, ಫೀಸಿನ ದುಡ್ಡಲ್ಲೂ ದಶಮಾಂಶ (ಹತ್ತರಲ್ಲೊಂದು ಪಾಲು) ಕೇಳಿದರೆ, ಬೇರೆ ಸ್ನೇಹಿತರ ಸಹವಾಸ ಬಿಡು, ಮನೆಗೆ ಫೋನ್ ಕಮ್ಮಿ ಮಾಡು ಅಂದರೆ ಮತ್ತೆ ಆ ಕಡೆ ತಲೆ ಹಾಕಬೇಡಿ. ಚಾರಿಟಿ ಅಂತ ನೋಂದಾಯಿಸಿದ್ದರೆ ಅದರ ಹೆಸರು, ಲೆಕ್ಕಪತ್ರ ಇಂಥ ಸಂಸ್ಥೆಗಳನ್ನು ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಚಾರಿಟಿ ಕಮಿಷನ್ನಿನ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಮಕ್ಕಳಿದ್ದವರು ಭಾನುವಾರದ ಶಾಲೆ (ಸಂಡೇ ಸ್ಕೂಲ್) ನಡೆಸುವವರಿಗೆ ಡಿಬಿಎಸ್ ತಪಾಸಣೆ (ಅಪರಾಧದ ದಾಖಲೆ ಇದೆಯಾ ಅಂತ ನೋಡುವುದು) ಆಗಿದೆಯಾ ಅಂತ ನೇರವಾಗಿ ಕೇಳಿ. ಅಲ್ಲಿ ಅದು ಅನುಮಾನಪಟ್ಟ ಹಾಗಲ್ಲ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಆಗ ಅನುಮಾನ ಪಡಿ.

ವಾಟ್ಸಾಪ್ ಗ್ರೂಪಿಗೆ ಸೇರಿಕೊಳ್ಳಿ. ಶಾಲೆಗೇ ಹಾಲ್ ಬೇಕಾದ ವಾರ ಸಭೆ ಯಾರದೋ ಮನೆಗೋ ಪಾರ್ಕಿನ ಪಕ್ಕದ ಕೋಣೆಗೋ ಹೋಗಿರುತ್ತದೆ. ಶನಿವಾರ ರಾತ್ರಿಯೇ ನೋಡಿಕೊಂಡು ಮಲಗಿ.