ಸೈಟ್ ಲಿಂಕ್ ಆಮೇಲೆ, ಮೊದಲು ಸಬ್‌ನೆಟ್

ಆಕ್ಟಿವ್ ಡೈರೆಕ್ಟರಿಯಲ್ಲಿ (ಕಂಪನಿಯ ಯೂಸರ್, ಕಂಪ್ಯೂಟರ್‌ಗಳ ಲೆಕ್ಕ ಇಡುವ ಮೈಕ್ರೋಸಾಫ್ಟ್ ವ್ಯವಸ್ಥೆ) ಎರಡನೇ ಸೈಟ್, ಅಂದರೆ ಇನ್ನೊಂದು ಜಾಗದ ನೆಟ್‌ವರ್ಕ್, ಮಾಡುವಾಗ ಎಲ್ಲರ ಕೈಯೂ ಮೊದಲು ಸೈಟ್‌ಗಳನ್ನು ಜೋಡಿಸುವ ಸೈಟ್ ಲಿಂಕ್ ಕಡೆ ಹೋಗುತ್ತದೆ. ನಂದೂ ಹೋಗಿತ್ತು. ಈಗ ಯಾವ ಸೈಟಿನಲ್ಲಿ ಯಾವ ಸಬ್‌ನೆಟ್ (ಐಪಿ ವಿಳಾಸಗಳ ಗುಂಪು) ಇದೆ ಅನ್ನುವ ಪಟ್ಟಿ ಕೈಗೆ ಬರುವ ತನಕ ನಾನು ಕನ್ಸೋಲನ್ನೇ ತೆರೆಯುವುದಿಲ್ಲ.

ಪಟ್ಟಿ ಬಂತಾ? ಸೈಟ್ಸ್ ಅಂಡ್ ಸರ್ವಿಸಸ್ ಕನ್ಸೋಲ್ ತೆರೆದು ಹೊಸ ಸೈಟ್ ಮಾಡಿ. ಅದು ಯಾವುದಾದರೂ ಲಿಂಕ್ ಆರಿಸಲೇಬೇಕು ಅನ್ನುತ್ತದೆ. ಸದ್ಯಕ್ಕೆ ಡೀಫಾಲ್ಟ್ ಲಿಂಕನ್ನೇ ಕೊಡಿ. ಆಮೇಲೆ ಪ್ರತಿ ಸಬ್‌ನೆಟ್ ಸೇರಿಸಿ, ಅದು ಯಾವ ಸೈಟ್‌ಗೆ ಸೇರಿದ್ದು ಅಂತ ಹೇಳಿ. ಇಷ್ಟಾದ ಮೇಲೆ ಹೊಸ ಡೊಮೇನ್ ಕಂಟ್ರೋಲರ್ (ಲಾಗಿನ್ ನೋಡಿಕೊಳ್ಳುವ ಸರ್ವರ್) ಮಾಡಿದರೆ, ಅದು ತನ್ನ ಐಪಿ ನೋಡಿಕೊಂಡು ಸರಿಯಾದ ಸೈಟ್‌ಗೆ ಹೋಗಿ ಕೂರುತ್ತದೆ. ಮೊದಲೇ ಇದ್ದ ಕಂಟ್ರೋಲರ್ ಮಾತ್ರ ತಾನಾಗಿ ಜಾಗ ಬದಲಿಸುವುದಿಲ್ಲ, ನೀವೇ ಎಳೆದು ಹಾಕಬೇಕು.

ಇದಕ್ಕೆ ಯಾಕಿಷ್ಟು ಹೇಳ್ತಿದ್ದೀನಿ ಅಂದರೆ, ಒಮ್ಮೆ ಒಂದು ಆಫೀಸಿನಲ್ಲಿ ಹೊಸ ವೈಫೈಗೆ 172.16.40.0/24 ಕೊಟ್ಟಿದ್ದರು. ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ರೆಪ್ಲಿಕೇಶನ್, ಅಂದರೆ ಒಂದು ಕಂಟ್ರೋಲರ್‌ನ ಬದಲಾವಣೆ ಇನ್ನೊಂದಕ್ಕೆ ಹೋಗೋದು, ಚೆನ್ನಾಗೇ ಇತ್ತು. ಆದರೆ ವೈಫೈನಲ್ಲಿದ್ದವರಿಗೆ ಬೆಳಿಗ್ಗೆ ಲಾಗಿನ್ ಆಗೋದೇ ಒಂದು ಕೆಲಸ! ಪಕ್ಕದ ರೂಮಿನಲ್ಲೇ ಕಂಟ್ರೋಲರ್ ಇದ್ದರೂ ಅವರ ಲ್ಯಾಪ್‌ಟಾಪ್‌ಗಳು ದೂರದ ಸೈಟಿನ ಕಂಟ್ರೋಲರ್ ಹಿಡಿದುಕೊಂಡಿದ್ದವು. ಕೊನೆಗೆ ಕಂಟ್ರೋಲರ್‌ನ ನೆಟ್‌ಲಾಗನ್ ಲಾಗ್ ತೆರೆದರೆ ಸಾಲು ಸಾಲಾಗಿ 'ನೋ ಕ್ಲೈಂಟ್ ಸೈಟ್', ಮುಂದೆ ಲ್ಯಾಪ್‌ಟಾಪಿನ ಹೆಸರು, ಐಪಿ. ಆ ಒಂದು ಸಬ್‌ನೆಟ್ ಸೇರಿಸಿದ ಮೇಲೆ ಎಲ್ಲ ಸುಮ್ಮನಾಯಿತು. ಆವತ್ತಿನಿಂದ 10.0.0.0/8, 172.16.0.0/12 ಥರದ ದೊಡ್ಡ ರೇಂಜನ್ನೂ ಮುಖ್ಯ ಸೈಟಿಗೆ ಕೊಟ್ಟಿಡುತ್ತೇನೆ. ಚಿಕ್ಕ ಸಬ್‌ನೆಟ್ ಬರೆದಿದ್ದರೆ ಅದೇ ಗೆಲ್ಲುತ್ತದೆ, ಮರೆತದ್ದು ಮಾತ್ರ ಈ ದೊಡ್ಡ ಬಲೆಗೆ ಬೀಳುತ್ತದೆ.

ಇನ್ನು ಲಿಂಕ್. ನಿಜವಾದ ಲೈನ್ ಎಲ್ಲೆಲ್ಲಿ ಇದೆಯೋ ಅಲ್ಲಿಗೊಂದು ಲಿಂಕ್ ಮಾಡಿ, ಒಂದರಲ್ಲಿ ಎರಡೇ ಸೈಟ್ ಇಡಿ, ಡೀಫಾಲ್ಟ್ ಲಿಂಕಿನಿಂದ ಅವನ್ನು ತೆಗೆಯಿರಿ. ಕಾಸ್ಟ್ (ಇದು ಕಡಿಮೆ ಇರುವ ದಾರಿಗೇ ಆದ್ಯತೆ) ಮೊದಲಿಗೆ 100 ಇರುತ್ತದೆ. ನಿಧಾನದ ಲೈನ್‌ಗೆ ಜಾಸ್ತಿ ಕೊಡಿ, ಸಾಕು. ಎಷ್ಟು ಹೊತ್ತಿಗೊಮ್ಮೆ ರೆಪ್ಲಿಕೇಶನ್ ಅನ್ನುವ ಇಂಟರ್ವಲ್ ಮಾತ್ರ ಹಾಗೇ ಬಿಡಬೇಡಿ. ಅದು 180 ನಿಮಿಷ! ಇಲ್ಲಿ ಮಾಡಿದ ಯೂಸರ್ ಅಲ್ಲಿ ಕಾಣೋಕೆ ಮೂರು ಗಂಟೆ ಆಗಬಹುದು. ಕಡಿಮೆ ಅಂದರೆ 15ಕ್ಕೆ ಇಳಿಸಬಹುದು. ಲೈನ್ ಗಟ್ಟಿ ಇದ್ದರೆ ಲಿಂಕಿನ ಅಟ್ರಿಬ್ಯೂಟ್ ಎಡಿಟರ್‌ನಲ್ಲಿ 'ಆಪ್ಷನ್ಸ್' ಖಾಲಿ ಇದೆಯಾ ನೋಡಿ 1 ಹಾಕಿ. ಆಗ ಬದಲಾವಣೆ ಆದ ಕೂಡಲೇ ಆಚೆ ಕಡೆಗೆ ಸುದ್ದಿ ಹೋಗುತ್ತದೆ.

ಬೇರೆ ಸೈಟಿನ ಜೊತೆ ರೆಪ್ಲಿಕೇಶನ್ ಮಾಡುವ ಕಂಟ್ರೋಲರ್‌ಗೆ ಬ್ರಿಡ್ಜ್‌ಹೆಡ್ ಅಂತಾರೆ. ಪ್ರಿಫರ್ಡ್ ಬ್ರಿಡ್ಜ್‌ಹೆಡ್ ಅನ್ನುವ ಜಾಗಕ್ಕೆ ಕೈ ಹಾಕಬೇಡಿ. ನೀವು ಒಂದೇ ಸರ್ವರ್ ಆರಿಸಿ ಅದು ಬಿದ್ದರೆ, ಪಕ್ಕದಲ್ಲಿ ಇನ್ನೊಂದು ಚೆನ್ನಾಗಿದ್ದರೂ ಸೈಟ್‌ಗಳ ನಡುವಿನ ರೆಪ್ಲಿಕೇಶನ್ ನಿಂತುಬಿಡುತ್ತದೆ. ಸಿಸ್ಟಮ್ಮೇ ಆರಿಸಿಕೊಳ್ಳಲಿ.

ಫೈರ್‌ವಾಲ್ ನೋಡಿಕೊಳ್ಳುವವರು "ಪೋರ್ಟ್ 135 ತೆರೆದಿದ್ದೀವಿ, ಇನ್ನೇನು?" ಅಂತಾರೆ. ರೆಪ್ಲಿಕೇಶನ್‌ಗೆ ಕಂಟ್ರೋಲರ್‌ಗಳು ಮಾತಾಡುವ ವಿಧಾನವಾದ ಆರ್‌ಪಿಸಿ ಬಾಗಿಲು ತಟ್ಟುವುದು 135ರಲ್ಲಿ, ಮಾತಾಡುವುದು 49152ರಿಂದ 65535ರ ನಡುವೆ ಎಲ್ಲೋ. ಅದು ಮುಚ್ಚಿದ್ದರೆ ಎರರ್ 1722 ಬರುತ್ತದೆ. 53, 88, 389, 445 ಕೂಡ ಬೇಕು. ಎರಡೂ ಕಡೆಯ ಗಡಿಯಾರದಲ್ಲಿ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಗುರುತು ಪರೀಕ್ಷಿಸುವ ಕರ್ಬರೋಸ್ ಒಪ್ಪುವುದಿಲ್ಲ.

ಎಲ್ಲ ಆದ ಮೇಲೆ 15 ನಿಮಿಷ ಕಾಯಿರಿ, ಕೆಸಿಸಿ (ರೆಪ್ಲಿಕೇಶನ್ ದಾರಿಗಳನ್ನು ಲೆಕ್ಕ ಹಾಕುವ ಆಕ್ಟಿವ್ ಡೈರೆಕ್ಟರಿಯ ಭಾಗ) ಕನೆಕ್ಷನ್‌ಗಳನ್ನು ತಾನೇ ಮಾಡುತ್ತದೆ. ಆಮೇಲೆ 'ರೆಪ್‌ಅಡ್ಮಿನ್ /ರೆಪ್ಲ್‌ಸಮ್ಮರಿ' ಓಡಿಸಿ. ಫೇಲ್ಸ್ ಸೊನ್ನೆ ಇರಬೇಕು, ಡೆಲ್ಟಾ (ಕೊನೆಯ ರೆಪ್ಲಿಕೇಶನ್ ಆಗಿ ಎಷ್ಟು ಹೊತ್ತಾಯಿತು ಅನ್ನೋದು) ನಿಮ್ಮ ಇಂಟರ್ವಲ್‌ನ ಆಸುಪಾಸಿನಲ್ಲಿರಬೇಕು. ಕೊನೆಗೆ ಈ ಕಡೆ ಒಂದು ಟೆಸ್ಟ್ ಯೂಸರ್ ಮಾಡಿ, ಆ ಕಡೆ ಹುಡುಕಿ. ಹುಡುಕುವ ಮುಂಚೆ ಯೂಸರ್ಸ್ ಅಂಡ್ ಕಂಪ್ಯೂಟರ್ಸ್ ಕನ್ಸೋಲ್‌ನಲ್ಲಿ 'ಚೇಂಜ್ ಡೊಮೇನ್ ಕಂಟ್ರೋಲರ್' ಒತ್ತಿ ಆ ಕಡೆಯದನ್ನು ಆರಿಸಿಕೊಳ್ಳಿ. ನಾನೊಮ್ಮೆ ಯೂಸರ್ ಮಾಡಿದ ಕಂಟ್ರೋಲರ್‌ನಲ್ಲೇ ಹುಡುಕಿ "ಆಹಾ, ಎಷ್ಟು ಬೇಗ ಬಂತು!" ಅಂತ ಖುಷಿಯಾಗಿ ಮನೆಗೆ ಹೋಗಿದ್ದೆ.