ವೇಗ ಹೆಚ್ಚಿಸುವ ಸ್ಟೋರೇಜ್ ಪ್ಯಾಚನ್ನು ಪರಿಶೀಲಿಸುವ ಬಗೆ

ಧಾರವಾಡ, ಬೆಳಗಾವಿ ಕಡೆಯಿಂದ ಪುಣೆಯ ಹಿಂಜವಡಿಗೆ ಬಂದು ಸ್ಟೋರೇಜ್ ತಂಡ ಸೇರುವ ಕಿರಿಯ ಎಂಜಿನಿಯರುಗಳು, ಲಿನಕ್ಸ್ ಕರ್ನಲಿನ (ಆಪರೇಟಿಂಗ್ ಸಿಸ್ಟಮಿನ ತಿರುಳಿನ) ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕೈಗೆ ಬಂದೊಡನೆ ವೇಗ ಶೇಕಡಾ ಎಷ್ಟು ಹೆಚ್ಚಿತೆಂದು ನೋಡುತ್ತಾರೆ. ಆ ಅಂಕಿಯನ್ನು ಕೊನೆಗೆ ನೋಡುವುದು ಲೇಸು. ಸ್ಟೋರೇಜ್ ಕೋಡಿನಲ್ಲಿ ವೇಗ ಬರುವುದು ಬಹುಮಟ್ಟಿಗೆ ಒಂದು ಲಾಕನ್ನೋ (ಒಂದೇ ದತ್ತಾಂಶವನ್ನು ಹಲವರು ಏಕಕಾಲಕ್ಕೆ ಮುಟ್ಟದಂತೆ ತಡೆಯುವ ಬೀಗ), ನಕಲನ್ನೋ, ಫ್ಲಶ್ಶನ್ನೋ (ಕ್ಯಾಶಿನಲ್ಲಿರುವುದನ್ನು ಡಿಸ್ಕಿನಲ್ಲಿ ಖಾಯಂ ಬರೆಸುವ ಆದೇಶ) ಬಿಡುವುದರಿಂದ ಅಥವಾ ಮುಂದೂಡುವುದರಿಂದ. ಆದ್ದರಿಂದ ಯಾವ ಕೆಲಸ ಹೋಯಿತು, ಅದನ್ನು ಯಾರು ನೆಚ್ಚಿಕೊಂಡಿದ್ದರು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಜಾಗದ ಹಂಚಿಕೆಯನ್ನು ಮುಂದೂಡಿ ವೇಗ ಪಡೆದಾಗ, ಎಫ್‌ಸಿಂಕ್ (ಫೈಲನ್ನು ಡಿಸ್ಕಿಗೆ ಬರೆಸಿ ಮುಗಿಯುವವರೆಗೆ ಕಾಯುವ ಆದೇಶ) ಕರೆಯದೆ ಹಳೆಯ ಫೈಲಿನ ಮೇಲೆ ಹೊಸದನ್ನು ರೀನೇಮ್ ಮಾಡುತ್ತಿದ್ದ ಪ್ರೋಗ್ರಾಮುಗಳ ಫೈಲುಗಳು ಯಂತ್ರ ಕುಸಿದ ಮೇಲೆ ಸೊನ್ನೆ ಗಾತ್ರಕ್ಕಿಳಿದವು. ಇದರ ಬಗ್ಗೆ 2009ರಲ್ಲಿ ದೊಡ್ಡ ಚರ್ಚೆಯಾಯಿತು. ನಿಯಮದ ಪ್ರಕಾರ ಫೈಲ್‌ಸಿಸ್ಟಮ್ ತಪ್ಪಿರಲಿಲ್ಲ, ಆದರೂ ಇಂಥ ಸಂದರ್ಭಗಳಲ್ಲಿ ದತ್ತಾಂಶವನ್ನು ಬೇಗ ಬರೆಯುವ ವ್ಯವಸ್ಥೆಯನ್ನು ಸೇರಿಸಬೇಕಾಯಿತು.

ಫ್ಲಶ್ ಮುಟ್ಟುವ ಪ್ಯಾಚಿಗೆ ಹೆಚ್ಚು ಸಮಯ ಕೊಡಿ. ಡಿಸ್ಕು ಬರೆದಾಯಿತೆಂದು ತಿಳಿಸಿದರೂ ದತ್ತಾಂಶ ಅದರೊಳಗಿನ, ವಿದ್ಯುತ್ ಹೋದರೆ ಅಳಿಯುವ ಕ್ಯಾಶಿನಲ್ಲಿಯೇ ಇರಬಹುದು. ಹಲವು ಎಫ್‌ಸಿಂಕ್‌ಗಳಿಗೆ ಒಂದೇ ಫ್ಲಶ್ ಸಾಕೆನ್ನುವ ಪ್ಯಾಚಿನಲ್ಲಿ, ಆ ಫ್ಲಶ್ ಹೊರಡುವ ಮೊದಲೇ ಪ್ರತಿಯೊಂದು ಬರಹವೂ ಮುಗಿದಿತ್ತೇ ಎಂದು ಪರೀಕ್ಷಿಸಬೇಕು; ಪುಣೆಯ ಸ್ವಾರ್‌ಗೇಟಿನಿಂದ ಹೊರಟ ಬಸ್ಸು ಆಮೇಲೆ ನಿಲ್ದಾಣಕ್ಕೆ ಬಂದವರನ್ನು ಹತ್ತಿಸಿಕೊಂಡಿರುವುದಿಲ್ಲ. ಫ್ಲಶ್ ವಿಫಲವಾದರೆ ಆ ದೋಷ ಕಾಯುತ್ತಿದ್ದ ಎಲ್ಲರಿಗೂ ತಲುಪುತ್ತದೆಯೇ ಎಂಬುದನ್ನೂ ನೋಡಬೇಕು. ವಿಮರ್ಶಕರು ಹೆಚ್ಚಾಗಿ ಓದದೆ ಬಿಡುವುದು ಈ ದೋಷದ ದಾರಿಯನ್ನೇ.

ಲಾಕ್ ತೆಗೆದ ಕೋಡು ಎಕ್ಸ್86 ಪ್ರೊಸೆಸರಿನಲ್ಲಿ ಸರಿಯಾಗಿ ನಡೆದು, ಮೆಮೊರಿಯ ಓದು ಬರಹಗಳ ಕ್ರಮದ ಬಿಗಿ ಕಡಿಮೆಯಿರುವ ಆರ್ಮ್ ಪ್ರೊಸೆಸರಿನಲ್ಲಿ ಮುರಿಯಬಹುದು. ಲಾಕುಗಳ ಕ್ರಮದ ತಪ್ಪನ್ನು ಹಿಡಿಯುವ ಲಾಕ್‌ಡೆಪ್, ಕಾವಲಿಲ್ಲದೆ ಒಂದೇ ದತ್ತಾಂಶವನ್ನು ಏಕಕಾಲಕ್ಕೆ ಮುಟ್ಟುವುದನ್ನು ಹಿಡಿಯುವ ಕೆಸಿಎಸ್ಎಎನ್ ಎರಡನ್ನೂ ಹಚ್ಚಿಯೇ ಪರೀಕ್ಷೆಗಳನ್ನು ಓಡಿಸಿ.

ಅಳತೆಗೆ ಎಫ್‌ಐಒ ಎಂಬ ವೇಗಮಾಪಕ ಉಪಕರಣವನ್ನು ಬಳಸುವಾಗ ಡೈರೆಕ್ಟ್ ಆಯ್ಕೆ ಇಲ್ಲದಿದ್ದರೆ ಡಿಸ್ಕಿನ ಬದಲು ಪೇಜ್ ಕ್ಯಾಶನ್ನು (ಫೈಲಿನ ದತ್ತಾಂಶವನ್ನು ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗವನ್ನು) ಅಳೆದಂತಾಗಬಹುದು. ಖಾಲಿ ಎಸ್‌ಎಸ್‌ಡಿಯ ಅಂಕಿಯನ್ನೂ ನಂಬಬಾರದು. 2014ರ ಲಿನಕ್ಸ್ 3.13ರಲ್ಲಿ ಬಂದ ಬ್ಲಾಕ್ ಪದರದ (ಡಿಸ್ಕಿಗೆ ಹೋಗುವ ಬೇಡಿಕೆಗಳನ್ನು ನಡೆಸುವ ಕರ್ನಲ್ ಭಾಗದ) ಬಹು ಕ್ಯೂ ವಿನ್ಯಾಸವು, ಒಂದೇ ಕ್ಯೂವಿನ ಲಾಕಿಗಾಗಿ ಅನೇಕ ಕೋರುಗಳು ಕಾದು ನಿಲ್ಲುವ ತೊಡಕನ್ನು ನಿವಾರಿಸಲು ಹುಟ್ಟಿದ್ದು. ಅಂಥ ಬದಲಾವಣೆಯ ಗುಣ ನಾಲ್ಕು ಕೋರಿನ ಲ್ಯಾಪ್‌ಟಾಪಿನಲ್ಲಿ ಕಾಣದು. ಸರಾಸರಿಯ ಜೊತೆಗೆ 99ನೆಯ ಪರ್ಸೆಂಟೈಲಿನ ವಿಳಂಬವನ್ನೂ (ನೂರರಲ್ಲಿ 99 ಬೇಡಿಕೆಗಳು ಎಷ್ಟು ಹೊತ್ತಿನೊಳಗೆ ಮುಗಿದವೆಂಬುದನ್ನು), ಕ್ಯೂ ಆಳ 1 ಇದ್ದಾಗಿನ, ಅಂದರೆ ಒಮ್ಮೆಗೆ ಒಂದೇ ಬೇಡಿಕೆ ಕಳುಹಿಸಿದಾಗಿನ, ಫಲಿತಾಂಶವನ್ನೂ ಕೇಳಿರಿ.

ಒಂದೇ ಪ್ಯಾಚಿನಲ್ಲಿ ಕೋಡಿನ ಓರಣವೂ ವೇಗವೂ ಬೆರೆತಿದ್ದರೆ ಬೇರ್ಪಡಿಸಿ ಕಳುಹಿಸಲು ತಿಳಿಸಿ. ಬಳಿಕ ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ಎಂಬ ಫೈಲ್‌ಸಿಸ್ಟಮ್ ಪರೀಕ್ಷೆಗಳ ಕಟ್ಟನ್ನು ಓಡಿಸಿ, ಡಿಸ್ಕಿಗೆ ಹೋದ ಬರಹಗಳನ್ನು ದಾಖಲಿಸುವ ಡಿಎಂ-ಲಾಗ್-ರೈಟ್ಸ್ ಮೂಲಕ ಕುಸಿತದ ಕ್ಷಣಗಳನ್ನು ಮರಳಿ ನಡೆಸಿ ನೋಡಿದ ಮೇಲಷ್ಟೇ ಒಪ್ಪಿಗೆ ನೀಡಿ.